ದೋಣಿಗೆ ನಾನು ಹಾಕಿದ ಗಂಟು

ಕೊರೋನಾ ಕಳೆದು ಶಾಲೆಗಳೆಲ್ಲ ಮತ್ತೆ ಸರಿಯಾಗಿ ಶುರುವಾಗಿದ್ದ ವರ್ಷ. ನಮ್ಮ ಕಡೆಯ ಆಟಿ, ಅಂದರೆ ಆಷಾಢದ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ.

ನಮ್ಮ ಮನೆ ಇರುವುದು ಕೂಳೂರು ಸೇತುವೆಯಿಂದ ಮೇಲಕ್ಕೆ, ಗುರುಪುರ ನದಿಯ ನಡುವಿನ ಒಂದು ಸಣ್ಣ ಕುದ್ರುವಿನಲ್ಲಿ. ಸುತ್ತ ನೀರು, ಮಧ್ಯೆ ಹನ್ನೊಂದು ಮನೆ. ಹೆದ್ದಾರಿಯ ಬಸ್ಸಿನ ಹಾರ್ನ್ ಅಡುಗೆಮನೆಗೆ ಕೇಳುತ್ತದೆ. ಆದರೆ ಬಸ್ಸು ಹತ್ತಬೇಕಾದರೆ ಮೊದಲು ದೋಣಿ ಹತ್ತಬೇಕು.

ನಾನು ಪೇಟೆಯ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬಂದ ಮೇಲೆ ಹುಟ್ಟು ಹಾಕಲು ಕಲಿಸಿದ್ದು ಅತ್ತೆ. ಗಂಡ ಮಸ್ಕತ್ತಿನಲ್ಲಿ ಇರುವುದರಿಂದ ಮನೆಯಲ್ಲಿ ನಾವಿಬ್ಬರೇ. ಚಾವಡಿಯ ಗೋಡೆಯ ಮೇಲೆ ಅತ್ತೆ ಸುಣ್ಣದಿಂದ ಎಳೆದ ಗೆರೆಗಳಿದ್ದವು, ಒಂದೊಂದು ನೆರೆಗೆ ಒಂದೊಂದು. "ಇದು ನಾನು ಮದುವೆಯಾಗಿ ಬಂದ ವರ್ಷದ್ದು. ಇದು ನಿನ್ನ ಗಂಡ ಹುಟ್ಟಿದಾಗಿನದ್ದು. ಇದು ನಮ್ಮ ದನದ ಹಟ್ಟಿ ತೆಗೆದುಕೊಂಡು ಹೋದದ್ದು" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಗೆರೆ ನನ್ನ ಮೊಣಕಾಲಿನಷ್ಟು ಎತ್ತರ.

ಆ ಬೆಳಿಗ್ಗೆ ಅತ್ತೆಗೆ ಮಂಡಿನೋವು. ಹಾಲು ತರಲು ನಾನೇ ಆಚೆ ದಡಕ್ಕೆ ಹೋಗಿ ಬಂದೆ. ನೀರು ಕೆಂಪಾಗಿತ್ತು. ಸೆಳೆತ ನೋಡಿ ದೋಣಿ ಕೊಚ್ಚಿಕೊಂಡು ಹೋದೀತೆಂದು ಹೆದರಿಕೆಯಾಯಿತು. ಶಾಲೆಯಲ್ಲಿ ಗೈಡ್ಸ್‌ನಲ್ಲಿದ್ದಾಗ ಗಂಟು ಹಾಕಲು ಕಲಿತು ಬ್ಯಾಡ್ಜ್ ಪಡೆದವಳು ನಾನು. ದೋಣಿಯ ಮೂತಿಯನ್ನು ದಡದ ಕಡವಿನಲ್ಲಿದ್ದ ತೆಂಗಿನ ಮರಕ್ಕೆ ಒತ್ತಿ, ನೈಲಾನ್ ಹಗ್ಗವನ್ನು ಎರಡು ಸುತ್ತು ಬಿಗಿದು, ಒಂದಿಂಚೂ ಅಲುಗದಂತೆ ಕಟ್ಟಿದೆ. ಕೈ ಒರೆಸಿಕೊಂಡು ನನ್ನ ಗಂಟನ್ನು ನಾನೇ ಮೆಚ್ಚಿ ನೋಡಿದ್ದೂ ನೆನಪಿದೆ.

ಹತ್ತೂವರೆಗೆ ನೀರು ಅಂಗಳಕ್ಕೆ ಬಂತು. ತುಳಸಿಕಟ್ಟೆಯ ಸುತ್ತ ಇರುವೆಗಳು ಮುದ್ದೆಯಾಗಿ ತೇಲುತ್ತಿದ್ದವು. "ಹನ್ನೆರಡಕ್ಕೆ ಸಮುದ್ರದ ಭರತ, ಉಬ್ಬರದ ಹೊತ್ತು. ಹೊಳೆ ನೀರು ಸಮುದ್ರಕ್ಕೆ ಹೋಗ್ಲಿಕ್ಕೆ ದಾರಿ ಇಲ್ಲ. ಇನ್ನೂ ಏರ್ತದೆ" ಎಂದರು ಅತ್ತೆ. ಅಷ್ಟರಲ್ಲಿ ಪಕ್ಕದ ಮನೆಯ ಅವ್ವಮ್ಮ ಅತ್ತೆಯನ್ನು ಕೂಗಿದರು.

"ಗಿರಿಜಕ್ಕಾ! ಮುಮ್ತಾಜ್‌ಗೆ ನೋವು ಶುರುವಾಯ್ತು!"

ಮುಮ್ತಾಜ್ ಅವರ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಇನ್ನೂ ಎರಡು ವಾರವಿದೆ ಎಂದಿದ್ದರು. ಅವಳ ತಂದೆ ಹಮೀದಾಕ, ಉಳಿದ ಗಂಡಸರು ಎಲ್ಲ ದೊಡ್ಡ ದೋಣಿಯಲ್ಲಿ ಬೈಕಂಪಾಡಿಗೆ ಕೆಲಸಕ್ಕೆ ಹೋಗಿದ್ದರು. ಸಹಾಯದ ನಂಬರಿಗೆ ಫೋನ್ ಮಾಡಿದರೆ, ಬೋಟು ಬೇರೆ ಕಡೆ ಇದೆ, ಒಂದು ಗಂಟೆಯಾದರೂ ಬೇಕು ಎಂದರು.

"ನಮ್ಮ ದೋಣಿ ಉಂಟಲ್ಲ, ಹುಡುಗಿಯನ್ನು ಹೊರಡಿಸು" ಎಂದು ಅವ್ವಮ್ಮನಿಗೆ ಹೇಳಿ ಅತ್ತೆ ಕೋಲೂರಿ ಕಡವಿಗೆ ನಡೆದರು. ನಾನು ಹಿಂದೆ.

ದೋಣಿಯ ಹಿಂಭಾಗ ಮೇಲೆದ್ದಿತ್ತು. ಮುಂಭಾಗ ನೀರೊಳಗೆ. ಹೊಳೆ ಏರಿದರೂ ನನ್ನ ಗಂಟು ಏರಲಿಲ್ಲ. ಅದು ದೋಣಿಯ ಮೂತಿಯನ್ನು ಹಿಡಿದು ಕೆಳಗೇ ಉಳಿದಿತ್ತು. ಕುದ್ರುವಿನವರು ಹಗ್ಗವನ್ನು ಮರಕ್ಕೆ ಬಳೆಯ ಹಾಗೆ ಸಡಿಲವಾಗಿ ಹಾಕುತ್ತಾರೆ. ನೀರು ಏರಿದಂತೆ ಬಳೆಯೂ ಏರುತ್ತದೆ. ಅತ್ತೆ ಹಾಗೆ ಕಟ್ಟುವುದನ್ನು ದಿನವೂ ನೋಡಿದ್ದೆ, ಏಕೆಂದು ಕೇಳಿರಲಿಲ್ಲ.

ಅತ್ತೆ ನನ್ನ ಮುಖವನ್ನು ಒಮ್ಮೆ ನೋಡಿದರು. ಬೈಯಲಿಲ್ಲ. "ಬಾವಿಯ ಹಗ್ಗ ತಾ. ಕತ್ತಿಯೂ ತಾ" ಎಂದರು.

ಬಾವಿಯ ಹಗ್ಗವನ್ನು ದೋಣಿಯ ಹಿಂಬದಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಲಸಿನ ಮರಕ್ಕೆ ಉದ್ದಕ್ಕೆ ಬಿಟ್ಟು ಕಟ್ಟಿದರು. "ಇಲ್ಲದಿದ್ರೆ ನೀನು ಕೊಯ್ದ ಕೂಡಲೇ ದೋಣಿ ಸೀದಾ ಸಮುದ್ರಕ್ಕೆ. ಮರವನ್ನು ತಬ್ಬಿಕೋ, ಬಿಡ್ಬೇಡ."

ನೀರು ಎದೆಮಟ್ಟ. ಎಡಗೈಯಲ್ಲಿ ಮರ, ಬಲಗೈಯಲ್ಲಿ ಕತ್ತಿ. ಮುಳುಗಿದರೆ ಏನೂ ಕಾಣದು, ಬರೀ ಕೆಂಪು. ಬೆರಳಿಗೆ ನನ್ನ ಗಂಟು ಸಿಕ್ಕಿತು, ಕಲ್ಲಿನ ಹಾಗೆ. ಗಂಟಿನ ಪಕ್ಕದ ಹಗ್ಗವನ್ನು ಒಂದು ಸಲ ಮುಳುಗಿ ಕೊಯ್ದೆ, ಎರಡು ಸಲ. ಮನೆಯೊಳಗಿಂದ ಮುಮ್ತಾಜಳ ನರಳಾಟ ಕೇಳುತ್ತಿತ್ತು. ಮೂರನೆಯ ಸಲ ಹಗ್ಗ ಕಡಿಯಿತು. ದೋಣಿ ಹಾರಿ ಬಂದು ನನ್ನ ಗಲ್ಲಕ್ಕೆ ಬಡಿಯಿತು. ಆ ಗುರುತು ಈಗಲೂ ಇದೆ.

ಅನ್ನದ ಪಾತ್ರೆಯಲ್ಲಿ ದೋಣಿಯ ನೀರು ಹೊರಚೆಲ್ಲಿದೆವು. ಮುಮ್ತಾಜಳನ್ನು ಚಾಪೆಯ ಮೇಲೆ ಮಲಗಿಸಿ ಅವ್ವಮ್ಮ ತಲೆ ಹಿಡಿದು ಕುಳಿತರು. ಹಿಂದೆ ಅತ್ತೆ, ಮುಂದೆ ನಾನು.

"ದಡ ನೋಡ್ಬೇಡ. ಮೇಲಕ್ಕೆ ಹಾಕು, ಮೇಲಕ್ಕೆ! ಹೊಳೆಯೇ ಕೆಳಗೆ ತೆಗೊಂಡು ಹೋಗ್ತದೆ" ಎಂದು ಅತ್ತೆ ಹಿಂದಿನಿಂದ ಕೂಗುತ್ತಿದ್ದರು. ಬುಡಸಮೇತ ಕಿತ್ತು ಬಂದ ಮರವೊಂದು ಹುಟ್ಟಿಗೆ ಸವರಿಕೊಂಡು ಹೋಯಿತು. ಪ್ರಾರ್ಥಿಸುತ್ತಿದ್ದ ಅವ್ವಮ್ಮ ನಡುವೆಯೇ ಕೂಗಿದರು.

"ಗಿರಿಜಕ್ಕ, ಇಲ್ಲೇ ಆಗ್ತದೆ ಅಂತ ಕಾಣ್ತದೆ!"

"ಸ್ವಲ್ಪ ತಡ್ಕೊಳ್ಳಿಕ್ಕೆ ಹೇಳು ಮಾರಾಯ್ತಿ. ದೋಣಿಯಲ್ಲಿ ಹುಟ್ಟಿದ್ರೆ ಮಗುವಿಗೆ ಹುಟ್ಟು ಅಂತ್ಲೇ ಹೆಸರಿಡ್ತೇನೆ!"

ಆ ನೋವಿನಲ್ಲೂ ಮುಮ್ತಾಜ್ ನಕ್ಕಳು. ಎರಡು ಫರ್ಲಾಂಗು ಕೆಳಗೆ ದಡ ಸಿಕ್ಕಿತು. ಮೊದಲು ಬಂದ ಆಟೋದವರು ಸೀಟಿನ ಮೇಲೆ ತಮ್ಮ ರೈನ್‌ಕೋಟು ಹಾಸಿಕೊಟ್ಟರು. ಆಸ್ಪತ್ರೆ ಮುಟ್ಟಿ ಇಪ್ಪತ್ತು ನಿಮಿಷಕ್ಕೆ ಹೆಣ್ಣು ಮಗು. ಅದಕ್ಕೆ ಉಸಿರಾಟದ ತೊಂದರೆಯಿತ್ತು. "ಇನ್ನು ಸ್ವಲ್ಪ ತಡವಾಗಿದ್ದರೆ..." ಎಂದರು ಡಾಕ್ಟರ್. ಆ ಸ್ವಲ್ಪ ಎಷ್ಟೆಂದು ನನಗೆ ಮಾತ್ರ ಗೊತ್ತಿತ್ತು. ಮೂರು ಸಲ ಮುಳುಗುವಷ್ಟು.

ಮೂರನೆಯ ದಿನ ನೀರಿಳಿದ ಮೇಲೆ ಕುದ್ರುವಿಗೆ ಮರಳಿದೆವು. ತೆಂಗಿನ ಮರದಲ್ಲಿ ನನ್ನ ಗಂಟು ಹಾಗೆಯೇ ಇತ್ತು, ಚೂರೂ ಸಡಿಲವಾಗಿರಲಿಲ್ಲ. ಹಮೀದಾಕ ಅದನ್ನು ನೋಡಿ ಸಿಟ್ಟಿಗೆದ್ದರು.

"ಎಂತ ಇದು? ಹೊಳೆಯಲ್ಲಿ ಯಾರಾದ್ರೂ ಹೀಗೆ ಕಟ್ತಾರಾ? ಯಾರು ಕಟ್ಟಿದ್ದು?"

ನಾನು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಒತ್ತಿದರು. "ನಾನೇ ಮಾರಾಯ. ಪ್ರಾಯ ಆಯ್ತಲ್ಲ, ಕೈಗೆ ಮರೆವು. ಶಾಲಿನಿ, ನೀನು ಒಳಗೆ ಹೋಗಿ ಚಾ ಇಡು."

ನಾನು ಹೋಗಿ ಚಾ ಇಟ್ಟೆ. ಅಷ್ಟೇ ಮಾಡಿದೆ.

ಆ ಮೇಲೆ ಕುದ್ರುವಿನವರು ಅತ್ತೆಗೆ ದೋಣಿ ಕಟ್ಟಲು ಬಿಡಲಿಲ್ಲ. ಐವತ್ತು ವರ್ಷ ಕಟ್ಟಿದ ಕೈ. "ಗಿರಿಜಕ್ಕ, ಹಗ್ಗ ಮುಟ್ಬೇಡಿ, ಇನ್ನೊಂದು ಹೆರಿಗೆ ಆದೀತು" ಎಂದು ತಮಾಷೆ ಮಾಡುತ್ತಿದ್ದರು. ಅತ್ತೆಯೂ ನಗುತ್ತಿದ್ದರು. ಒಂದು ದಿನ ನಾನು ಅತ್ತದ್ದಕ್ಕೆ, "ನೀನು ಇಲ್ಲಿ ಇನ್ನೂ ಬಾಳ್ಬೇಕಲ್ಲ. ನಾನು ಎಷ್ಟು ದಿನ?" ಎಂದರು.

ಕಳೆದ ವರ್ಷ ಅತ್ತೆ ತೀರಿಕೊಂಡರು. ಆ ನೆರೆಗೆ ಅವರೇ ಎಳೆದ ಗೆರೆ ಗೋಡೆಯಲ್ಲಿದೆ, ಎಲ್ಲಕ್ಕಿಂತ ಮೇಲೆ. ಮುಮ್ತಾಜ್ ತವರಿಗೆ ಬಂದಾಗೆಲ್ಲ ಅವಳ ಮಗಳು ಅದೇ ದೋಣಿಯಲ್ಲಿ ಕುಳಿತು ನೀರಿಗೆ ಕೈ ಹಾಕುತ್ತಾಳೆ. ಹಗ್ಗವನ್ನು ನಾನು ಬಳೆಯ ಹಾಗೆ ಹಾಕುತ್ತೇನೆ.

ಅತ್ತೆಯ ಕೈ ಒಂದು ದಿನವೂ ತಪ್ಪಿರಲಿಲ್ಲ. ಆ ಗಂಟು ನನ್ನದು. ಎದುರು ನಿಂತು ಹೇಳಲು ಇಷ್ಟು ವರ್ಷ ಧೈರ್ಯ ಬರಲಿಲ್ಲ, ಅದಕ್ಕೇ ಬರೆದಿದ್ದೇನೆ. ಹಮೀದಾಕ ಈ ಪತ್ರಿಕೆ ತಪ್ಪದೆ ಓದುತ್ತಾರೆ.