ಯಲ್ಲಪ್ಪ ಬಿಟ್ಟ ಮೀನು

ಆಗ ಬ್ರಿಟಿಷರ ಕಾಲ. ಘಟಪ್ರಭಾ ಹೊಳೆಯಲ್ಲಿ ಹರಗಿ ಮೀನು ಕಡಿಮೆಯಾಗುತ್ತಿದೆಯೆಂದು, ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಮೀನನ್ನು ಹಿಡಿಯಬಾರದೆಂಬ ಕಾಯ್ದೆ ಬಂದಿತ್ತು. ದಂಡೆಯ ಊರೂರಿಗೆ ಹೋಗಿ ಅದನ್ನು ಓದಿ ಹೇಳುವುದು ನನ್ನ ಕೆಲಸ.

ಮಸಗುಪ್ಪಿಯಲ್ಲಿ ಗಾಳ ಹಾಕಿ ಕೂತಿದ್ದ ಯಲ್ಲಪ್ಪನೆಂಬವನು ಪೂರ್ತಿ ಕೇಳಿಸಿಕೊಂಡ. "ಹೊಳಿ ಸರಕಾರ ತೋಡೇತೇನ್ರಿ? ಚೊಚ್ಚಲ ಬಸುರಿ ಮಗಳು ಮೀನಿನ ಸಾರು ಬೇಕಂತ ಕುಂತಾಳ. ನಿಮ್ಮ ಕಾಯ್ದೆ ಆಕಿಗೆ ಹೇಳ್ರಿ" ಅಂದ.

ಅಷ್ಟರಲ್ಲಿ ಗಾಳದ ಕೋಲು ಬಾಗಿತು. ಬಹಳ ಹೊತ್ತು ಎಳೆದಾಡಿ ಅವನು ದಂಡೆಗೆ ತಂದದ್ದು ತೋಳುದ್ದದ ಹರಗಿ. ಹೊಟ್ಟೆ ಬಿಗಿದುಕೊಂಡಿತ್ತು, ಕೈ ತಾಗಿದ್ದೇ ಒಂದೆರಡು ಮೊಟ್ಟೆ ಹೊರಗೆ ಬಂದವು. ಅಂಥ ಮೀನನ್ನು ಬಿಡು ಎನ್ನುವ ಧೈರ್ಯ ನನಗಿರಲಿಲ್ಲ.

ಅವನು ಬಗ್ಗಿ ಆ ಮೊಟ್ಟೆಗಳನ್ನು ನೋಡಿದ. ಆಮೇಲೆ ಗಾಳ ಬಿಡಿಸಿ, ಮೀನನ್ನು ಎರಡೂ ಕೈಯಲ್ಲಿ ನೀರಿಗಿಳಿಸಿದ.

"ಇದೂ ಬಸುರಿ ಐತ್ರಿ. ಇದನ್ನ ಕೊಯ್ದು ಆಕಿಗೆ ಹೆಂಗ ಉಣ್ಸಲಿ?"

ಮೀನು ಬಾಲ ಬಡಿದು ಆಳಕ್ಕೆ ಹೋಯಿತು. ಅವನ ಮುಖ ನೋಡಿ ನನಗೂ ಹಾಯೆನಿಸಿತು.

ಊಟಕ್ಕೆಂದು ನನ್ನನ್ನು ಮನೆಗೆ ಕರೆದೊಯ್ದ. ಮಗಳು ಬಾಗಿಲಲ್ಲೇ, "ಮೀನೆಲ್ಲೈತಿ ಅಪ್ಪಾ?" ಅಂದಳು.

ಯಲ್ಲಪ್ಪ ನನ್ನತ್ತ ಕೈ ತೋರಿಸಿ, "ದೊಡ್ಡದ ಸಿಕ್ಕಿತ್ತವ್ವಾ. ಈ ಸಾಹೇಬ್ರು ಕಾಯ್ದೆ ಅಂತ ಹೇಳಿ ಬಿಡಿಸಿದ್ರು" ಅಂದ.

ನಾನು ಅಲ್ಲಗಳೆಯಲಿಲ್ಲ. ಆ ಕಾಯ್ದೆ ನನ್ನಿಂದ ಜಾರಿಗೆ ಬಂದದ್ದು ಅದೊಂದೇ ಸಲ, ಅದೂ ಯಲ್ಲಪ್ಪನ ಬಾಯಲ್ಲಿ. ಮಗಳು ಮುಖ ಊದಿಸಿಕೊಂಡೇ ಬಡಿಸಿದಳು. ಬದನೆಕಾಯಿ ಎಣ್ಣೆಗಾಯಿ ಮಾತ್ರ ಬಹಳ ರುಚಿಯಾಗಿತ್ತು.