ಗ್ಯಾನಪ್ಪನ ಕೆಂಪು ಚೀಲ

ಗುರುಗುಂಟಾದ ಗದ್ದೆಮ್ಮನಿಗೆ ಮೆಣಸಿನಕಾಯಿ ಘಾಟೆಂದರೆ ಆಗುತ್ತಿರಲಿಲ್ಲ. ಒಲೆಯ ಮೇಲಿನ ಘಾಟಲ್ಲ, ಅದನ್ನು ಯಾವ ಹೆಂಗಸು ತಾಳುವುದಿಲ್ಲ? ಅವಳಿಗೆ ಹೇಸಿಗೆ ಹುಟ್ಟಿಸಿದ್ದು ಗಂಡ ಗ್ಯಾನಪ್ಪ ಅಂಗಳದಲ್ಲಿ ಕೆಂಡಕ್ಕೆ ಸುರಿಯುತ್ತಿದ್ದ ಒಣಮೆಣಸಿನಕಾಯಿಯ ಹೊಗೆ. ಗ್ಯಾನಪ್ಪ ದೆವ್ವ ಬಿಡಿಸುವವ. ನಿಜಾಮನ ಸರ್ಕಾರದ ಆ ದಿನಗಳಲ್ಲಿ ಲಿಂಗಸುಗೂರಿನ ಕಚೇರಿ ನೌಕರರ ಮನೆಗಳಿಂದಲೂ ಹೆಂಗಸರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಅವನ ಅಂಗಳಕ್ಕೆ ತರುತ್ತಿದ್ದರು. ಹೆಂಗಸರನ್ನೇ. ಗಂಡಸರಿಗೆ ಹಿಡಿದ ದೆವ್ವಗಳು ಸಿಂದಿ ಅಂಗಡಿಯಲ್ಲೇ ಇಳಿದು ಹೋಗುತ್ತಿದ್ದವೋ ಏನೋ, ಈ ಬಾಗಿಲಿಗಂತೂ ಬಂದದ್ದು ಕಡಿಮೆ.

ಬಂದವಳನ್ನು ನೆಲಕ್ಕೆ ಕೂಡಿಸಿ ಅವನು ಮೊದಲು ಹೆಗಲ ಮೇಲಿನ ಕೆಂಪು ಚೀಲ ಬಿಚ್ಚುತ್ತಿದ್ದ. ಒಳಗೆ ವಿಭೂತಿ ಗಟ್ಟಿ, ದರ್ಗಾದ ತಾಯಿತ. ವಿಭೂತಿಯನ್ನು ಹಣೆಗೆ ಒತ್ತಿ ಹಿಡಿದು ಮೂಗಿನ ಕೆಳಗೆ ಹೊಗೆ ಹಾಕುವುದು, ಹೊಗೆಗೂ ಬಗ್ಗದಿದ್ದರೆ ಹುಣಸೆ ಬರಲಿನ ಏಟು. ಕೆಮ್ಮಿ, ಸಿಂಬಳ ಸುರಿಸಿ, ವಾಂತಿ ಮಾಡಿಕೊಂಡು ಆ ಬಡಪಾಯಿ "ಹೋಗ್ತೀನಿ, ಬಿಡ್ರೀ" ಎನ್ನುವವರೆಗೂ ಬಿಡುತ್ತಿರಲಿಲ್ಲ. ಅದೇ ಹೆಂಗಸು ಮತ್ತೊಮ್ಮೆ ಬಂದಾಗ ಹೊಗೆಯೇ ಬೇಕಾಗುತ್ತಿರಲಿಲ್ಲ. ಚೀಲದ ಗಂಟಿಗೆ ಕೈ ಹಾಕಿದರೆ ಸಾಕು, ಚೀರಿಕೊಂಡು ಗೋಡೆಗೆ ಹೋಗಿ ಮುದುಡುತ್ತಿದ್ದಳು. "ನೋಡ್ರಿ, ವಿಭೂತಿ ಕಂಡ್ರ ದೆವ್ವ ಹೆಂಗ ಅಂಜತೈತಿ!" ಎಂದು ಗ್ಯಾನಪ್ಪ ಮೀಸೆ ತಿರುವುತ್ತಿದ್ದ. ಕೂಡಿದ ಮಂದಿ ಕೈ ಮುಗಿಯುತ್ತಿದ್ದರು. ಅವರೆಲ್ಲ ಹೋದ ಮೇಲೆ ವಾಂತಿ ಬಳಿದು ಸಗಣಿ ಸಾರಿಸುವುದು ಗದ್ದೆಮ್ಮನ ಪಾಲಿಗೆ.

ರಕ್ತ ಹೀರುವ ದೆವ್ವ ಬೂದಿಗೇಕೆ ಅಂಜಬೇಕು ಎಂದು ಯಾರೋ ಕೇಳಿದ್ದಕ್ಕೆ ಅವನು ಒಳ್ಳೇ ಮಾತು ಹೇಳಿದ್ದ. "ದೆವ್ವನೂ ಒಂದು ಕಾಲಕ್ಕ ಮನಿಷ್ಯಾನ ಅಲ್ಲೇನ? ಬದುಕಿದ್ದಾಗ ಯಾವ ದೇವರಿಗೆ ಕೈ ಮುಗಿದಿತ್ತೋ, ಸತ್ತ ಮ್ಯಾಲ ಆ ದೇವರ ಮುಂದ ಮಾರಿ ತೋರ್ಸಾಕ ನಾಚಿಕಿ. ಅದಕ್ಕ ನಾ ವಿಭೂತಿನೂ ಇಟ್ಟೀನಿ, ತಾಯಿತನೂ ಇಟ್ಟೀನಿ." ಗದ್ದೆಮ್ಮ ಇದನ್ನು ನಂಬಿದಳು. ನಂಬದೆ ಆ ಅಂಗಳ ಬಳಿಯುವುದಾದರೂ ಹೇಗೆ? ಮೂಗಿಗೆ ಸೆರಗು ಕಟ್ಟಿಕೊಂಡು ವರ್ಷಗಟ್ಟಲೆ ನಂಬಿದಳು.

ಇರುವ ಒಬ್ಬಳೇ ಮಗಳು ಅಯ್ಯಮ್ಮ. ಚಿಕ್ಕವಳಿದ್ದಾಗ ಅಂಗಳದಲ್ಲಿ ಚೀರಾಟ ಶುರುವಾದರೆ ಕಾಳಿನ ಗುಮ್ಮಿಯ ಹಿಂದೆ ಹೋಗಿ ಕಿವಿ ಮುಚ್ಚಿಕೊಂಡು ಕೂಡುತ್ತಿದ್ದಳು. ಮುಕ್ಕುಂದಕ್ಕೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು ಹುಟ್ಟಿತು, ಆದರೆ ತಾಯಿಯ ಮೈಯ ರಕ್ತವೆಲ್ಲ ಹರಿದು ಮುಖ ಸುಣ್ಣದಂತಾಯಿತು. ಸೂಲಗಿತ್ತಿ ದಾವಲ್‌ಬೀ, "ರಕ್ತ ಭಾಳ ಹೋಗೇತಿ. ಬಿಸಿ ಬಿಸಿ ಉಣಸ್ರಿ, ಸುಮ್ಕ ಮಲಗಾಕ ಬಿಡ್ರಿ" ಎಂದಳು.

ಗ್ಯಾನಪ್ಪ ಬಾಗಿಲಲ್ಲಿ ನಿಂತು ಆ ಬಿಳಿ ಮುಖ ನೋಡಿದ. "ಬಾಣಂತಿಯಾಗಿ ಸತ್ತಾಕಿ ಯಾವಳೋ ಇಕಿ ರಕ್ತ ಕುಡ್ಯಾಕತ್ತಾಳ," ಎಂದ.

ಗದ್ದೆಮ್ಮ ಅವನಿಗೆ ಅಡ್ಡ ಬಂದಳು. ಆ ಗಾಳಿಯಿಲ್ಲದ ಕೋಣೆಯಲ್ಲಿ ಹೊಗೆ ಎದ್ದರೆ ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ. "ಹೊಗಿ ಬ್ಯಾಡ್ರೀ. ಇಕಿಗೆ ಉಸಿರಾಡಾಕೂ ತ್ರಾಣ ಇಲ್ಲ."

"ಬರೇ ವಿಭೂತಿ ಹಿಡೀತೀನಿ. ಅಂಜಲಿಲ್ಲಂದ್ರ ಬಿಟ್ಟುಬಿಡ್ತೀನಿ."

ಅವನು ಚೀಲ ಬಿಚ್ಚಿದ. ಅಯ್ಯಮ್ಮ ಕೂಸನ್ನು ಎದೆಗೆ ಅವಚಿಕೊಂಡು ತೆವಳುತ್ತ ಹೋಗಿ ಗೋಡೆಗೆ ಆತುಕೊಂಡಳು, ಹಲ್ಲು ಕಟಕಟ ಎಂದವು. "ಕಂಡ್ಯಾ! ಅಂಜಿತು! ಕೆಂಡ ತಾ" ಎಂದು ಅವನು ಕೂಗಿದ. ಹೊಸ್ತಿಲಾಚೆ ಕೂಡಿದ್ದ ನೆರೆಮಂದಿ ಶಿವಶಿವಾ ಎಂದರು, ಯಾರೋ ಕೆಂಡದ ಮಡಕೆಯನ್ನೂ ತಂದಿಟ್ಟರು.

ಗದ್ದೆಮ್ಮನ ಕಣ್ಣು ಮಾತ್ರ ಮಗಳ ಮೇಲಿರಲಿಲ್ಲ. ಹೊಸ್ತಿಲಲ್ಲಿ ಮಲಗಿದ್ದ ಮನೆಯ ನಾಯಿ ಕರ್ಯಾ, ಚೀಲದ ಗಂಟು ಬಿಚ್ಚಿದ್ದೇ ತಡ, ಬಾಲ ಮುದುರಿಕೊಂಡು ಒಳಗೆ ಓಡಿ ಗುಮ್ಮಿಯ ಹಿಂದೆ ಸೇರಿತ್ತು. ಮಗಳು ಕೂಡುತ್ತಿದ್ದ ಜಾಗ ಅದೇ. ಇಷ್ಟು ವರ್ಷ ಮೂಗಿನಲ್ಲಿ ಕೂತಿದ್ದ ಹೇಸಿಗೆ ಈಗ ಗಂಟಲಿಗೆ ಬಂತು. ಅವಳು ನಾಯಿಯ ಕತ್ತು ಹಿಡಿದು ಎಲ್ಲರ ಮುಂದೆ ಎಳೆದು ತಂದಳು, ಒಂದು ರೊಟ್ಟಿ ಹಾಕಿದಳು. ನಾಯಿ ತಿನ್ನತೊಡಗಿತು. ಆಗ ಗಂಡನ ಹೆಗಲಿನಿಂದ ಚೀಲ ಕಿತ್ತುಕೊಂಡು, ಗಂಟು ಕಟ್ಟಿ, ಮತ್ತೆ ತಾನೇ ಬಿಚ್ಚಿದಳು.

ನಾಯಿ ರೊಟ್ಟಿ ಬಿಟ್ಟು ಓಡಿತು.

"ಏನ್ರಿ, ನಮ್ಮ ನಾಯಿ ಯಾ ದೇವರಿಗೆ ಕೈ ಮುಗಿದಿತ್ತು?" ಎಂದಳು ಗದ್ದೆಮ್ಮ. "ಅದಕ್ಕೂ ದೆವ್ವ ಹಿಡದೈತೇನು? ದಿನಾ ನಿಮ್ಮ ಹೊಗಿ ಕುಡದೈತಿ ಅದು. ಚೀಲ ಬಿಚ್ಚಿದ್ರ ಮುಂದ ಏನು ಬರತೈತಿ ಅಂತ ಅದಕ್ಕ ಗೊತ್ತೈತಿ. ಇಕಿಗೂ ಗೊತ್ತೈತಿ. ಥೂ!"

ಮೊದಲು ನಕ್ಕವಳು ದಾವಲ್‌ಬೀ. ಆಮೇಲೆ ಹೊಸ್ತಿಲಾಚೆಯವರೂ ಬಾಯಿಗೆ ಸೆರಗು ಹಿಡಿದರು. ಗದ್ದೆಮ್ಮ ಕೊಡದ ನೀರನ್ನು ಕೆಂಡದ ಮೇಲೆ ಸುರಿದು ಬಂದು, ದೇವರ ಮಾಡದಲ್ಲಿದ್ದ ವಿಭೂತಿ ತೆಗೆದುಕೊಂಡು ಮಗಳ ಹತ್ತಿರ ಕೂತಳು. ಅಯ್ಯಮ್ಮ ತಾನಾಗಿಯೇ ಹಣೆ ಮುಂದೆ ಮಾಡಿದಳು. ವಿಭೂತಿ ಹಚ್ಚಿಸಿಕೊಂಡು "ಯವ್ವಾ" ಎಂದು ತಾಯಿಯ ಹೆಗಲಿಗೆ ಒರಗಿದಳು. ಗ್ಯಾನಪ್ಪ ಅದನ್ನು ನೋಡುತ್ತ ನಿಂತಿದ್ದ.

ಉಂಡು ಮಲಗಿ ಅಯ್ಯಮ್ಮ ಚೇತರಿಸಿಕೊಂಡಳು. ಅಂಗಳಕ್ಕೆ ಗಾಡಿಗಳು ಬರುವುದು ನಿಂತಿತು. ನಾಯಿಯ ಸುದ್ದಿ ಮಸ್ಕಿಯ ಸಂತೆಯವರೆಗೂ ಹೋಗಿತ್ತು. ಗ್ಯಾನಪ್ಪ ಚೀಲವನ್ನು ಜಂತಿಗೆ ಸಿಕ್ಕಿಸಿದವನು ಮತ್ತೆ ಮುಟ್ಟಲಿಲ್ಲ. ಮಗಳು ಮುಕ್ಕುಂದಕ್ಕೆ ಹೊರಡುವ ದಿನ ಕೈ ತೊಳೆದುಕೊಂಡು, ಮೊಮ್ಮಗನನ್ನು ಒಮ್ಮೆ ಎತ್ತಿಕೊಳ್ಳಲು ಹತ್ತಿರ ಬಂದ.

"ಚೀಲ ತಂದಿಲ್ಲವ್ವಾ," ಎಂದು ಖಾಲಿ ಕೈ ಚಾಚಿದ.

ಅಯ್ಯಮ್ಮನಿಗೆ ಅದು ಗೊತ್ತಿತ್ತು. ಆದರೂ ಮೈ ತಾನಾಗಿಯೇ ಗೋಡೆಯ ಕಡೆ ಸರಿಯಿತು. ಗದ್ದೆಮ್ಮ ನಾಯಿ ಮಲಗುವ ಹೊಸ್ತಿಲ ಕಡೆ ನೋಡಿದಳು. ಕರ್ಯಾ ಆಗಲೇ ಗುಮ್ಮಿಯ ಹಿಂದೆ ಹೋಗಿತ್ತು.