ಹೆಂಡತಿಯ ಎದುರು ನಿಂತ ಮುಂಧಿರ್

ಮಹ್ದಿಯಾ ಪಟ್ಟಣದ ಪಕ್ಕದ ಒಂದು ಸಣ್ಣ ಬಂದರು ಊರಿನಲ್ಲಿ ಪಕ್ಷ ಕಟ್ಟಿದವನೇ ಶಾಲಾ ಮೇಷ್ಟ್ರು ಮುಂಧಿರ್. ಕಚೇರಿಗೆ ಕುರ್ಚಿ ಹೊತ್ತವನೂ ಅವನೇ, ಗೋಡೆಗೆ ಪೋಸ್ಟರ್ ಅಂಟಿಸಿದವನೂ ಅವನೇ. ಆಮೇಲೆ ಮೇಲಿನ ಪೇಟೆಯ ಔಷಧಿ ಅಂಗಡಿ ಹಶ್ಮಿ ತನ್ನ ಗುಂಪಿನೊಡನೆ ಬಂದು ಸೇರಿದ. ಅಂದಿನಿಂದ ಮುಂಧಿರ್ ಹೂಂ ಎಂದರೆ ಅವರು ಊಹೂಂ.

ಪುರಸಭೆ ಚುನಾವಣೆ ಬಂತು. ಗೆದ್ದ ಪಕ್ಷದ ಪಟ್ಟಿಯಲ್ಲಿ ಮೊದಲ ಹೆಸರಿದ್ದವರೇ ಮೇಯರ್ ಆಗುವವರು. ಅದು ತನಗೇ ಎಂದುಕೊಂಡು ಮುಂಧಿರ್ ಹೊಸ ಕೋಟು ಹೊಲಿಸಿದ್ದ. ಸಭೆಯಲ್ಲಿ ಹಶ್ಮಿ ಚಹಾ ಹೀರುತ್ತ ಹೇಳಿದ, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಎರಡೂ ಕಡೆಯೋರು ಒಪ್ಪೋ ಹೆಸರು ಒಂದೇ. ಅದೂ ನಿಮ್ಮನೇದೇ."

ಮುಂಧಿರನ ಹೆಂಡತಿ ನಜೀಹಾ ಸರ್ಕಾರಿ ಆಸ್ಪತ್ರೆಯ ಹೆರಿಗೆ ನರ್ಸು. ಅವಳನ್ನು ಬೇಡ ಎನ್ನುವ ಮನೆ ಊರಲ್ಲಿರಲಿಲ್ಲ.

ಮುಂಧಿರ್ ಮನೆಗೆ ಬಂದಾಗ ಅವಳು ಮೀನು ತೊಳೆಯುತ್ತಿದ್ದಳು.

"ಒಪ್ಕೊಳ್ಳೋ ಮುಂಚೆ ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಯಾವಾಗ ಹೇಳ್ಲಿ? ಮನೆಗೆ ಬಂದ್ರೂ ಫೋನು ಕಿವಿಗೇ ಅಂಟಿರತ್ತೆ. ರಂಜಾನಿನಲ್ಲೂ ಉಪವಾಸ ಬಿಡೋಕೆ ಒಬ್ಳೇ ಕೂತಿದ್ದೆ."

"ಹಶ್ಮಿ ನಿನ್ನ ಕೋಲು ಮಾಡ್ಕೊಂಡು ನನ್ನ ಹೊಡೀತಿದಾನೆ. ಅಷ್ಟೂ ತಿಳಿಯಲ್ವಾ?"

"ತಿಳಿಯತ್ತೆ. ನಿನ್ನ ಕಣ್ಣಿಗೂ ನಾನು ಬರೀ ಕೋಲು ಅನ್ನೋದು ಈಗ ತಿಳೀತು."

ಹಿಂದೆ ಸರಿ ಎಂದ. ಅವಳು ಸರಿಯಲಿಲ್ಲ. ಹಠಕ್ಕೆ ಬಿದ್ದ ಮುಂಧಿರ್ ಪಕ್ಷ ಬಿಟ್ಟು, ತನ್ನ ಕಡೆಯವರನ್ನು ಕಟ್ಟಿಕೊಂಡು ಸ್ವತಂತ್ರವಾಗಿ ನಿಂತ. ಬೆಳಿಗ್ಗೆ ಇಬ್ಬರೂ ಒಂದೇ ಬಾಗಿಲಿಂದ ಹೊರಟು ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ತಿರುಗುತ್ತಿದ್ದರು. ಮೀನು ಮಾರುಕಟ್ಟೆಯವರು ಕಾಡಿಸಿದರು, "ಮೇಷ್ಟ್ರೇ, ನಿಮ್ಮತ್ತೆ ಓಟು ಯಾರಿಗಂತೆ?" ಅವನು ನಕ್ಕಂತೆ ಮಾಡಿ ಮುಂದೆ ಹೋಗುತ್ತಿದ್ದ. ಒಳಗೊಳಗೇ ಕುದಿಯುತ್ತಿದ್ದ.

ಓಟು ಒಡೆದು ಹಂಚಿಹೋಯಿತು. ಎದುರು ಪಕ್ಷದ ಮಂಜುಗಡ್ಡೆ ಕಾರ್ಖಾನೆ ಸಾಹುಕಾರ ಮೇಯರ್ ಆದ. ಹಶ್ಮಿ ನಾಚಿಕೆಯಿಲ್ಲದೆ ಅವನ ಜೊತೆ ಕೈಜೋಡಿಸಿದ.

ಅಂದು ನಜೀಹಾ ಬೈದಿದ್ದರೆ ಮುಂಧಿರನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಚೀಲ ಎತ್ತಿಕೊಂಡು, "ಕುಸ್‌ಕುಸ್ ಒಲೆ ಮೇಲಿದೆ, ಬಿಸಿ ಮಾಡ್ಕೋ. ಹೆರಿಗೆಗೆ ಕರೆ ಬಂದಿದೆ" ಎಂದಳು.

"ನಾನು ನಿಲ್ದೇ ಇದ್ದಿದ್ರೆ ನೀನು ಗೆಲ್ತಿದ್ದೆ."

"ಊರಿಗೆಲ್ಲ ಗೊತ್ತಿರೋ ವಿಷಯ" ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಮನೆಯಲ್ಲಿ ಕೂರಲಾಗದೆ ಪಕ್ಷದ ಕಚೇರಿಗಾದರೂ ಹೋಗೋಣವೆಂದು ಎದ್ದ. ಹಶ್ಮಿಯ ಕಡೆಯವರು ಅಲ್ಲಿನ ಬೀಗ ಬದಲಿಸಿದ್ದು ನೆನಪಾಗಿ ಮತ್ತೆ ಕೂತ.